ಕೊಲ್ಹಾಪುರಕ್ಕೆ ಬರುವ ಗೆಳೆಯನಿಗೊಂದು ಪತ್ರ

ದೋಸ್ತ,

ಅಂಬಾಬಾಯಿ, ಅಂದರೆ ಮಹಾಲಕ್ಷ್ಮಿಯ ದರ್ಶನಕ್ಕೆ ಬರುತ್ತೇನೆ, ಜೊತೆಗೆ ಅರಮನೆ ಗಿರಮನೆ ಏನಾದರೂ ನೋಡೋಣ ಅಂದಿದ್ದೆಯಲ್ಲ. ಧಾರವಾಡದವರು ಇಲ್ಲಿಗೆ ಬಂದರೆ ಗುಡಿ, ಚಪ್ಪಲಿ, ಮಿಸಳ, ಮತ್ತೆ ಬಸ್ಸು. ನಿನ್ನನ್ನು ಅಷ್ಟಕ್ಕೇ ಬಿಡುವುದಿಲ್ಲ.

ನ್ಯೂ ಪ್ಯಾಲೇಸ್ ಎಲ್ಲರೂ ನೋಡುತ್ತಾರೆ, ನೀನೂ ನೋಡು. 1877ರಲ್ಲಿ ಶುರುವಾಗಿ 1884ಕ್ಕೆ ಮುಗಿದದ್ದು. ನಕ್ಷೆ ಮೇಜರ್ ಮಂಟ್ ಎಂಬ ಇಂಗ್ಲಿಷ್ ಎಂಜಿನಿಯರನದು. ಬಡೋದೆಯ ಅರಮನೆಯ ನಕ್ಷೆಯೂ ಅವನದೇ. ಕರಿಕಲ್ಲಿನ ಗೋಡೆ, ಗಡಿಯಾರ ಗೋಪುರ. ದರ್ಬಾರ್ ಹಾಲಿನ ಬಣ್ಣದ ಗಾಜುಗಳಲ್ಲಿ ಶಿವಾಜಿ ಮಹಾರಾಜರ ಬದುಕಿನ ಚಿತ್ರಗಳಿವೆ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲು. ಬೇಟೆಯಾಡಿ ತಂದು ನಿಲ್ಲಿಸಿದ ಹುಲಿಗಳ ಮುಂದೆ ಮಾತ್ರ ಹೆಚ್ಚು ಹೊತ್ತು ಬೇಡ, ನನಗಂತೂ ಅವು ಸೇರುವುದಿಲ್ಲ. ಒಂದು ಸಂಗತಿ ಮಜಾ ಅನಿಸುತ್ತದೆ. ಕೆಳಗೆ ಮ್ಯೂಸಿಯಂ, ಮೇಲೆ ರಾಜಮನೆತನದವರ ವಾಸ. ಕೆಳಗೆ ನಾವು ಮುತ್ತಜ್ಜನ ಕತ್ತಿ ನೋಡುತ್ತಿದ್ದರೆ ಮೇಲೆ ಮರಿಮಕ್ಕಳ ಊಟ ನಡೆದಿರುತ್ತದೆ, ಅಲ್ವಾ?

ಇಲ್ಲಿನ ರಾಜ ಶಾಹೂ ಮಹಾರಾಜರು ಹುಟ್ಟಿದ್ದು ಅಲ್ಲಲ್ಲ. ಇದೇ ಊರಿನ ಕಸಬಾ ಬಾವಡಾದ ಲಕ್ಷ್ಮೀ ವಿಲಾಸ ಅರಮನೆಯಲ್ಲಿ, 1874ರ ಜೂನ್ 26ರಂದು. ಕಾಗಲ್ಲಿನ ಘಾಟಗೆ ಮನೆತನದ ಹುಡುಗ ಯಶವಂತರಾವ್. 1884ರಲ್ಲಿ ದತ್ತು ಬಂದ ಮೇಲೆ ಶಾಹೂ ಆದರು. ಕಾಗಲ್ ನಿನಗೆ ಗೊತ್ತೇ ಇದೆ, ನಿಪ್ಪಾಣಿ ದಾಟಿದ ಮೇಲೆ ಹೆದ್ದಾರಿಯಲ್ಲಿ ಸಿಗುತ್ತದೆ. ಮುಂದೆ 1902ರಲ್ಲಿ ಸಂಸ್ಥಾನದ ನೌಕರಿಯಲ್ಲಿ ಹಿಂದುಳಿದವರಿಗೆ ಅರ್ಧ ಪಾಲು ಅಂತ ಹುಕುಂ ಹೊರಡಿಸಿದ್ದು ಇವರೇ. ಹಾಗಾಗಿ ನನ್ನ ಕೇಳಿದರೆ ನ್ಯೂ ಪ್ಯಾಲೇಸಿಗಿಂತ ಮೊದಲು ಬಾವಡಾಕ್ಕೆ ಹೋಗಬೇಕು.

ಅಲ್ಲಾದಿಯಾ ಖಾನ್ ಸಾಹೇಬರನ್ನು ಆಸ್ಥಾನ ಗಾಯಕರನ್ನಾಗಿ ಇಟ್ಟುಕೊಂಡದ್ದೂ ಇದೇ ರಾಜ, 1895ರಲ್ಲಿ. ಜೈಪುರ ಅತ್ರೌಲಿ ಗಾಯಕಿ, ಅಂದರೆ ಖಾನ್ ಸಾಹೇಬರ ಹಿಂದೂಸ್ತಾನಿ ಹಾಡಿನ ಶೈಲಿ, ನಮ್ಮ ಕಡೆ ಬೇರು ಬಿಟ್ಟದ್ದೇ ಹಾಗೆ. 1922ರಲ್ಲಿ ಮಹಾರಾಜರು ತೀರಿಕೊಂಡರು, ಖಾನ್ ಸಾಹೇಬರು ಮುಂಬಯಿ ಸೇರಿದರು. ಇಲ್ಲಿನ ಸಂಗೀತ ಸಂಸ್ಥೆ ದೇವಲ್ ಕ್ಲಬ್ಬಿನ ಹತ್ತಿರ ಖಾನ್ ಸಾಹೇಬರ ಪುತ್ಥಳಿ ಇದೆ. ಕ್ಲಬ್ಬು 1883ರದು. ನಡೆದೇ ಹೋಗೋಣ.

ಆದರೆ ಆ ಹಾಡಿಗೆ ಸಂಬಂಧಪಟ್ಟ ಮನೆಯ ಒಳಗೇ ಹೋಗಿ ನೋಡಬೇಕು ಅಂದರೆ ಇಷ್ಟು ದೂರ ಯಾಕೆ ಬರುತ್ತೀ? ಮಲ್ಲಿಕಾರ್ಜುನ ಮನ್ಸೂರರು ಈ ಶೈಲಿಯನ್ನು ಮೊದಲು ಕಲಿತದ್ದು ಖಾನ್ ಸಾಹೇಬರ ಮಗ ಮಂಜಿ ಖಾನರ ಹತ್ತಿರ. 1937ರಲ್ಲಿ ಮಂಜಿ ಖಾನರು ತೀರಿಕೊಂಡ ಮೇಲೆ ಅವರ ತಮ್ಮ ಭೂರ್ಜಿ ಖಾನರ ಹತ್ತಿರ. ಮನ್ಸೂರರ ಮನೆ ‘ಮೃತ್ಯುಂಜಯ’ ನಿಮ್ಮೂರಲ್ಲೇ ಸ್ಮಾರಕವಾಗಿದೆ. ನೀನು ಇನ್ನೂ ಒಳಗೆ ಕಾಲಿಟ್ಟಿಲ್ಲ ಅಂದೆ. ಬೈಯದೆ ಏನು ಮಾಡಲಿ? ಅದನ್ನು ನೋಡಿಕೊಂಡೇ ಇಲ್ಲಿಗೆ ಹೊರಡು.

ಮತ್ತೆ, ಶುಕ್ರವಾರ ಮಾತ್ರ ಬರಬೇಡ. ಅಂದು ಗುಡಿಯ ಪಾಳಿಯಲ್ಲೇ ಅರ್ಧ ದಿನ ಹೋಗುತ್ತದೆ. ಆಮೇಲೆ ನೀನು ಹಸಿವು ಅಂತ ಮಿಸಳ ತಿಂದು ಬಸ್ ಹತ್ತುವವನೇ.

ನಿನ್ನ ದೋಸ್ತ