ಅಕ್ಕಿಗೆ ಗಡಿ ಬೇಡ ಅಂದವರು ಮನುಷ್ಯನ ಧರ್ಮ ಯಾಕೆ ಕೇಳಬೇಕು?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮುಕ್ತ ಮಾರುಕಟ್ಟೆಯ ಪರವಾಗಿ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಅಂಗಡಿಯಲ್ಲಿ ಕೂತು ಎರಡು ಸಲ ಓದಿದೆ. ಮುಕ್ಕಾಲು ಪಾಲು ಒಪ್ಪುತ್ತೇನೆ. ಆದರೆ ಕೊನೆಗೆ ಲೇಖಕರು, ಹೊರದೇಶದವರನ್ನು ಧರ್ಮ ನೋಡಿ ಒಳಗೆ ಬಿಡುವುದೇ ಸರಿ ಎಂದು ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದಾರೆ. ಆ ಸಾಲು ಅವರದೇ ಉಳಿದ ಮಾತಿಗೆ ಹೊಂದುವುದಿಲ್ಲ. ಅದಕ್ಕೇ ಈ ಪತ್ರ.

ಸಿಂಧನೂರಿನಲ್ಲಿ ನನ್ನದು ಭತ್ತದ ದಲಾಲಿ ಅಂಗಡಿ. ಸರ್ಕಾರ ವ್ಯಾಪಾರದಲ್ಲಿ ಜಾಸ್ತಿ ಕೈ ಹಾಕಬಾರದು ಎನ್ನುವವರಲ್ಲಿ ನಾನೂ ಒಬ್ಬ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. 2024ರ ಸೆಪ್ಟೆಂಬರ್‌ವರೆಗೆ ಆ ನಿಷೇಧ ಇತ್ತು. ಕೊಳ್ಳುವವನಿಗೆ ಬೇಕು, ಮಾರುವವನು ಸಿದ್ಧ ಇದ್ದಾನೆ, ನಡುವೆ ಸರ್ಕಾರ ಯಾಕೆ ಅಡ್ಡ ನಿಲ್ಲಬೇಕು ಎಂದು ಕೇಳಿದವರ ಮಾತು ನ್ಯಾಯವಾಗಿತ್ತು. ಕೆಲಸ ಕೊಡುವವನು, ಕೆಲಸ ಮಾಡುವವನು ಇಬ್ಬರೂ ಒಪ್ಪಿದಾಗಲೂ ಇದೇ ಪ್ರಶ್ನೆ ಕೇಳಬೇಕು ಅಲ್ವಾ?

ಅಂಗಡಿಗೆ ಭತ್ತ ಬಂದರೆ ನಾನು ಮಾಡುವುದು ಇಷ್ಟು. ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ತೆಗೆಯುತ್ತೇನೆ. ಅಂಗೈಯಲ್ಲಿ ತಿಕ್ಕಿ ಹೊಟ್ಟು ಊದುತ್ತೇನೆ. ಒಂದು ಕಾಳು ಹಲ್ಲಿನ ನಡುವೆ ಇಟ್ಟು ಕಚ್ಚಿದರೆ ಕಟ್ ಅಂತ ಮುರಿಯಬೇಕು. ಮೆತ್ತಗಾದರೆ ಇನ್ನೂ ಹಸಿ ಇದೆ ಅಂತ ಅರ್ಥ. ಆಮೇಲೆ 75 ಕೆ.ಜಿ. ಚೀಲಕ್ಕೆ ಇಷ್ಟು ಅಂತ ದರ. ಅದು ಊರಿನ ಹಳೆ ಮನೆತನದ ಗದ್ದೆಯದೋ, ಆಂಧ್ರದವರ ಕ್ಯಾಂಪಿನದೋ, ಸಾಬರ ಹೊಲದ್ದೋ, ನಿರಾಶ್ರಿತರಿಗೆ ನೆಲೆ ಕೊಟ್ಟ ಆರ್.ಎಚ್. ಕ್ಯಾಂಪಿನ ಬಂಗಾಳಿಯದೋ ಹಲ್ಲಿಗೆ ಗೊತ್ತಾಗುವುದಿಲ್ಲ.

ನಮ್ಮ ಸೀಮೆ ಬೆಳೆದದ್ದೇ ಹೊರಗಿನವರು ಬಂದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆಯ ನೀರು ನೋಡಿ ಆಂಧ್ರದ ಕೃಷ್ಣಾ, ಗೋದಾವರಿ ಕಡೆಯ ರೈತರು ಬಂದು ಜಮೀನು ಕೊಂಡರು. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆ ಹೊಲ ಗದ್ದೆಯಾಯಿತು. ನಮ್ಮವರಲ್ಲಿ ಎಷ್ಟೋ ಜನ ಕಡಿಮೆ ದುಡ್ಡಿಗೆ ಮಾರಿ ಆಮೇಲೆ ಕೈ ಕೈ ಹಿಸುಕಿಕೊಂಡರು. ಆ ನೋವು ನಮ್ಮ ಮನೆಯಲ್ಲೂ ಇದೆ, ಮುಚ್ಚಿಡುವುದಿಲ್ಲ. ವಲಸೆಯಿಂದ ಯಾರಿಗೂ ನಷ್ಟವೇ ಇಲ್ಲ ಎಂದು ನಾನು ಹೇಳಲಾರೆ. ಆದರೆ ನಮ್ಮ ನಷ್ಟಕ್ಕೆ ಕಾರಣ ಆವತ್ತಿನ ಜಮೀನಿನ ದರ. ಬಂದವರು ಯಾವ ದೇವರಿಗೆ ಕೈ ಮುಗಿಯುತ್ತಿದ್ದರು ಎಂಬುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಈ ಮುಕ್ತ ಮಾರುಕಟ್ಟೆ ವಾದವನ್ನು ಕಟ್ಟಿದವರ ಕಥೆ ನೋಡಿ. ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಲುಡ್ವಿಗ್ ಫಾನ್ ಮೀಸೆಸ್ 1927ರಲ್ಲೇ, ಸರಕಿನ ಹಾಗೆ ಕೆಲಸಗಾರರಿಗೂ ದೇಶದಿಂದ ದೇಶಕ್ಕೆ ಹೋಗುವ ಸ್ವಾತಂತ್ರ್ಯ ಇರಬೇಕು ಎಂದು ವಾದಿಸಿದ್ದರು. ಅವರು ಯಹೂದಿ. 1940ರಲ್ಲಿ ನಾಜಿಗಳ ಭಯಕ್ಕೆ ಯುರೋಪ್ ಬಿಟ್ಟು ನ್ಯೂಯಾರ್ಕ್ ಸೇರಿದರು. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಅವರ ತಂದೆ ತಾಯಿಯೂ ಆಗಿನ ಹಂಗೇರಿಯಿಂದ ಅಮೆರಿಕಕ್ಕೆ ಬಂದ ಯಹೂದಿಗಳು. ಗಡಿಯಲ್ಲಿ ಧರ್ಮ ನೋಡಿ ವಾಪಸ್ ಕಳಿಸಿದ್ದರೆ ಇವರ ಪುಸ್ತಕಗಳನ್ನು ಇವತ್ತು ಯಾರು ಓದುತ್ತಿದ್ದರು?

ಈ ಪಂಥದಲ್ಲಿ ಎಲ್ಲರೂ ಗಡಿ ತೆರೆಯಿರಿ ಎಂದವರಲ್ಲ, ಅದೂ ನಿಜ. ಸರ್ಕಾರ ಎಲ್ಲರಿಗೂ ಪಿಂಚಣಿ, ಪಡಿತರ ಕೊಡುವ ಕಾಲದಲ್ಲಿ ಬಂದವರನ್ನೆಲ್ಲ ಬಿಟ್ಟುಕೊಳ್ಳಲು ಆಗುವುದಿಲ್ಲ ಎಂದು ಫ್ರೀಡ್‌ಮನ್ ಹೇಳಿದ್ದರು. 1978ರಲ್ಲಿ ಬ್ರಿಟನ್‌ನಲ್ಲಿ ವಲಸೆ ಕಡಿಮೆ ಮಾಡಬೇಕೆಂದ ರಾಜಕೀಯ ನಾಯಕಿ ಥ್ಯಾಚರ್ ಅವರನ್ನು ಇದೇ ಪಂಥದ ಅರ್ಥಶಾಸ್ತ್ರಜ್ಞ ಹಯೆಕ್ ಬೆಂಬಲಿಸಿದರು. ಅಮೆರಿಕದ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಅವರು ವಲಸೆ ಬರುವ ಹಕ್ಕಿಗೆ ಸರ್ಕಾರ ಶುಲ್ಕ ಇಡಲಿ ಎಂದರು. ಇವನ್ನು ಒಪ್ಪಬಹುದು, ಬಿಡಬಹುದು. ಎಷ್ಟು ಜನ ಬರಬೇಕು, ಯಾವ ಕೆಲಸ ಗೊತ್ತಿರಬೇಕು, ಖರ್ಚು ಯಾರು ಹೊರಬೇಕು, ಇವೆಲ್ಲ ಲೆಕ್ಕಕ್ಕೆ ಸಿಗುವ ಮಾತು. ಧರ್ಮ ಯಾವ ಲೆಕ್ಕಕ್ಕೆ ಸಿಗುತ್ತದೆ? ಅದೇ ಬೆಕರ್ 1957ರಲ್ಲೇ ತೋರಿಸಿದ್ದರು: ಜನಾಂಗ ನೋಡಿ ಕೆಲಸಕ್ಕೆ ಇಟ್ಟುಕೊಳ್ಳುವ ಮಾಲೀಕ ತನ್ನ ದ್ವೇಷಕ್ಕೆ ತನ್ನ ಜೇಬಿನಿಂದಲೇ ಬೆಲೆ ಕಟ್ಟುತ್ತಾನೆ. ಗಡಿಯಲ್ಲಿ ಧರ್ಮ ನೋಡುವ ಸರ್ಕಾರ ಆ ಬೆಲೆಯನ್ನು ನಮ್ಮ ನಿಮ್ಮ ಜೇಬಿಗೆ ಹಾಕುತ್ತದೆ.

ದೇಶ ಅಂದರೆ ನಮ್ಮ ಮನೆ, ಯಾರನ್ನು ಒಳಗೆ ಬಿಡಬೇಕು ಎಂದು ನಾವು ನಿರ್ಧರಿಸುತ್ತೇವೆ ಎನ್ನುವುದು ಲೇಖಕರ ಇನ್ನೊಂದು ಮಾತು. ಕೇಳಲು ಚೆನ್ನಾಗಿದೆ. ಆದರೆ ಮನೆಗೆ ಒಬ್ಬ ಯಜಮಾನ ಇರುತ್ತಾನೆ. ದೇಶವೇ ಮನೆ ಆದರೆ ಸರ್ಕಾರವೇ ಯಜಮಾನ. ಆಗ ನನ್ನ ಅಂಗಡಿಯ ಬಾಗಿಲೂ ಅದರ ಕೈಯಲ್ಲೇ. ನನ್ನ ಅಂಗಡಿ ನನ್ನದು ಎನ್ನುವ ಮಾತಿನ ಮೇಲೇ ಅಲ್ವಾ ಇವರ ವಾದ ಪೂರ್ತಿ ನಿಂತಿರುವುದು?

2017ರ ಜನವರಿ 27ರಂದು ಟ್ರಂಪ್ ಏಳು ಮುಸ್ಲಿಂ ಬಹುಸಂಖ್ಯಾತ ದೇಶಗಳವರಿಗೆ ಅಮೆರಿಕದ ಬಾಗಿಲು ಮುಚ್ಚಿದಾಗ ಅಲ್ಲಿನ ದೊಡ್ಡ ದೊಡ್ಡ ತಂತ್ರಜ್ಞಾನ ಕಂಪನಿಗಳೇ ಕೋರ್ಟಿನಲ್ಲಿ ವಿರೋಧಿಸಿದವು. ನಮಗೆ ಆಳು ಬೇಕು, ಜಾಣರು ಬೇಕು ಎಂಬುದೇ ಅವುಗಳ ಮಾತು. ಇದು ಒಂದು ಧರ್ಮದವರು ಮಾತ್ರ ಮಾಡುವ ತಪ್ಪೂ ಅಲ್ಲ. ಕುವೈತ್‌ನಲ್ಲಿ 1982ರಿಂದ ಮುಸ್ಲಿಮರಲ್ಲದವರಿಗೆ ಪೌರತ್ವ ಕೊಡುವಂತಿಲ್ಲ ಎಂಬ ಕಾನೂನು ಇದೆ. ನಮ್ಮ ಕಡೆಯ ಹಿಂದೂ ಹುಡುಗ ಅಲ್ಲಿ ಮೂವತ್ತು ವರ್ಷ ದುಡಿದರೂ ಹೊರಗಿನವನೇ. ಅದು ತಪ್ಪು ಎನ್ನುವ ನಾನು ಇಲ್ಲಿ ಬೇರೆ ತಕ್ಕಡಿ ಹಿಡಿಯಲಾರೆ.

ಈಗ ನಮ್ಮ ತಾಲ್ಲೂಕಿನ ಮಾತು. ಪೂರ್ವ ಪಾಕಿಸ್ತಾನದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ, ಓಡಿಬಂದ ಬಂಗಾಳಿ ಹಿಂದೂಗಳಿಗೆ ಸರ್ಕಾರ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆ ಕೊಟ್ಟಿತು. ಅಲ್ಲಿಂದ ಭತ್ತ ತರುವ ಒಬ್ಬ ಅಜ್ಜ ಕಳೆದ ಸುಗ್ಗಿಯಲ್ಲಿ ನನ್ನ ಮೇಜಿನ ಮೇಲೆ ಪ್ಲಾಸ್ಟಿಕ್ ಕವರ್ ಬಿಚ್ಚಿ ಒಂದು ಹಳೆ ಕಾಗದ ತೋರಿಸಿದರು. ಮಡಿಕೆ ಬಿದ್ದ ಕಡೆ ಅಕ್ಷರ ಅಳಿಸಿಹೋಗಿತ್ತು. "ಇದರಲ್ಲಿ ನಮ್ಮಪ್ಪನ ಹೆಸರು ಕಾಣ್ತದೇನು ನೋಡ್ರಿ ಸಾವ್ಕಾರ್ರ" ಎಂದರು. ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು ನೋಡಿದೆ. ಅರ್ಧ ಹೆಸರು ಮಾತ್ರ ಕಂಡಿತು.

2019ರ ಪೌರತ್ವ ತಿದ್ದುಪಡಿ ಕಾಯ್ದೆ ಇಂಥವರಿಗೆ ದಾರಿ ತೆರೆಯಿತು. 2024ರ ಮಾರ್ಚ್‌ನಲ್ಲಿ ಅದರ ನಿಯಮಗಳೂ ಬಂದವು. ಆ ಅಜ್ಜನಂಥವರಿಗೆ ಪೌರತ್ವ ಸಿಕ್ಕರೆ ಮೊದಲು ಪೇಡೆ ಹಂಚುವವನು ನಾನು. ಈ ಕಾಯ್ದೆ ಇಲ್ಲಿನ ಯಾರ ಪೌರತ್ವವನ್ನೂ ಕಸಿಯುವುದಿಲ್ಲ ಎಂದು ಸರ್ಕಾರ ಹೇಳುತ್ತದೆ. ಕಾಯ್ದೆಯ ಅಕ್ಷರದಲ್ಲಿ ಅದು ಸರಿ. ಆದರೆ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಗಾನಿಸ್ತಾನದಿಂದ ಬಂದವರಲ್ಲಿ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಮಾತ್ರ ಆ ಬಾಗಿಲು. 1974ರಲ್ಲಿ ಪಾಕಿಸ್ತಾನ ತನ್ನ ಸಂವಿಧಾನ ತಿದ್ದಿ, ತಮ್ಮನ್ನು ಮುಸ್ಲಿಮರೆಂದೇ ಕರೆದುಕೊಳ್ಳುವ ಅಹ್ಮದಿಯ ಪಂಗಡದವರು ಮುಸ್ಲಿಮರೇ ಅಲ್ಲ ಎಂದು ಹೊರಗಿಟ್ಟಿತು. ಅವರ ಹೆಸರು ನಮ್ಮ ಪಟ್ಟಿಯಲ್ಲೂ ಇಲ್ಲ. ಅಲ್ಲಿಂದ ಜೀವ ಉಳಿಸಿಕೊಂಡು ಒಬ್ಬ ಅಹ್ಮದಿ ಅಜ್ಜ ಇಂಥದೇ ಕಾಗದ ಹಿಡಿದು ಬಂದರೆ ನಾನು ಏನು ಹೇಳಲಿ?

ಸರ್ಕಾರಕ್ಕೆ ನನ್ನ ಕೋರಿಕೆ ಒಂದೇ. ಈ ಕಾಯ್ದೆಯಿಂದ ಆರು ಧರ್ಮಗಳ ಹೆಸರು ತೆಗೆದು, ಆ ಜಾಗದಲ್ಲಿ 'ಕಿರುಕುಳಕ್ಕೆ ಒಳಗಾಗಿ ಬಂದವರು' ಎಂದು ಬರೆಯಲಿ. ಪೊಲೀಸ್ ತಪಾಸಣೆ, ಬಂದ ದಿನಾಂಕದ ಪುರಾವೆ ಏನೇನು ಬೇಕೋ ಕೇಳಲಿ. ಕ್ಯಾಂಪಿನವರ ಅರ್ಜಿಗಳನ್ನು ಬೇಗ ವಿಲೇವಾರಿ ಮಾಡಲಿ. ಲೇಖಕರು ಇದಕ್ಕೆ ಉತ್ತರ ಬರೆದರೆ ದಯವಿಟ್ಟು ಪ್ರಕಟಿಸಿ, ಓದಲು ಕಾಯುತ್ತಿದ್ದೇನೆ.

ಇಂತಿ ನಿಮ್ಮ ಓದುಗ,
ಭತ್ತದ ದಲಾಲಿ ವ್ಯಾಪಾರಿ,
ಸಿಂಧನೂರು, ರಾಯಚೂರು ಜಿಲ್ಲೆ