ಮಗಳಿಗೊಂದು ಪತ್ರ: ಒಲೆಗೆ ಹೋಗದ ಹಾಳೆ

ಕೂಸೇ,

ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆಯಿಯ ಹತ್ತಿರ ಮಾತಾಡುವಾಗ ನಾನು ಪಕ್ಕದಲ್ಲೇ ಕೂತು ಕೇಳ್ತಿರ್ತೇನೆ, ಅದು ನಿನಗೂ ಗೊತ್ತು. ಬಚ್ಚಲೊಲೆಯ ವಿಷಯ ಮತ್ತೆ ಎತ್ತುವುದಿಲ್ಲ. ಆಗಿದ್ದು ಆಗಿಹೋಯ್ತು.

ವಿಷಯ ಏನಂದ್ರೆ, ಒಂದು ಹಾಳೆ ಸಿಕ್ಕಿದೆ. ಚೌತಿ ಮುಗಿದ ಮೇಲೆ ತಾಳಮದ್ದಳೆಗೆ ಅಂತ ಪ್ರಸಂಗದ ಪುಸ್ತಕ ತೆಗೆದೆ. ಅದರೊಳಗೆ ನಾಲ್ಕು ಮಡಿಕೆಯಾಗಿ ಕೂತಿತ್ತು. ಪೆನ್ಸಿಲ್ ಬರಹ, ನಿನ್ನದೇ. ಮೂಲೆಯಲ್ಲಿ 7 ಅಂತ ಇದೆ. ಒಟ್ಟು ಎಷ್ಟಿದ್ದವು ಅಂತ ನಾನು ಕೇಳುವುದಿಲ್ಲ.

ಆದರೂ ಒಂದು ಹೇಳಿಬಿಡ್ತೇನೆ. ಅವತ್ತು ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಕಟ್ಟಿಗೆಯೆಲ್ಲ ಹಸಿ, ಒಲೆ ಹತ್ತುತ್ತಿರಲಿಲ್ಲ. ‘ಈ ಹಾಳೆ ಹಾಕ್ಲಾ’ ಅಂತ ಕೂಗಿ ಕೇಳಿದೆ. ಆಯಿ ಒಳಗಿಂದಲೇ ‘ಹಾಕಿ’ ಅಂದಳು. ಅವಳು ಅಂದಿದ್ದು ಅಡಿಕೆ ಹಾಳೆಗೆ. ನನ್ನ ಕೈಯಲ್ಲಿದ್ದದ್ದು ನೀನು ಅಜ್ಜಿಯ ಹಾಡುಗಳ ಸ್ವರ ಬರೆದಿಟ್ಟ ಕಾಗದ. ತಪ್ಪು ಅವಳ ಮೇಲೆ ಹಾಕ್ತಿಲ್ಲ ಮತ್ತೆ. ಹಾಕುವ ಮುಂಚೆ ನಾನು ನೋಡಿದ್ದೆ. ಐದೈದು ಗೆರೆ, ಮೇಲೆ ಕೆಳಗೆ ಹುಳ ಹರಿದ ಹಾಗೆ ಕಪ್ಪು ಗುಂಡು. ಒಂದು ಅಕ್ಷರ ಇರಲಿಲ್ಲ, ಸುಮ್ನೆ ಗೀಚಿದ್ದು ಅಂದುಕೊಂಡೆ. ಅಡಿಕೆಯಲ್ಲಿ ರಾಶಿ ಯಾವುದು, ಬೆಟ್ಟೆ ಯಾವುದು, ತಟ್ಟಿಬೆಟ್ಟೆ ಯಾವುದು ಅಂತ ದೂರದಿಂದಲೇ ಹೇಳುವ ಮನುಷ್ಯ ನಾನು. ಎಷ್ಟು ಚಂದ ಹೊತ್ತಿಕೊಂಡಿತು ಅಂದ್ರೆ, ನನಗೆ ಖುಷಿಯೂ ಆಗಿತ್ತು. ಅದೇ ಈಗಲೂ ನಿದ್ದೆಯಲ್ಲಿ ಬರುವುದು, ಆ ಖುಷಿ.

‘ನಿನಗೆ ಓದೋಕೆ ಬರೋದಿಲ್ಲ ಅಪ್ಪ, ಅದಕ್ಕೇ ನಿನಗದು ಕಸ’ ಅಂದೆಯಲ್ಲ. ಸಿಟ್ಟು ಬಂತು. ಬಸ್‌ಸ್ಟ್ಯಾಂಡಿನಿಂದ ವಾಪಸ್ ಬರುವಾಗ ದಾರಿಯುದ್ದಕ್ಕೂ ಬೈದುಕೊಂಡೇ ಬಂದೆ. ಈಗ ಕಲಿಯುತ್ತಿದ್ದೇನೆ.

ನಗಬೇಡ. ಅಟ್ಟದ ಮೇಲೆ ನೀನು ಬಿಟ್ಟುಹೋದ, ಗೆರೆ ಮೇಲೆ ಸಂಗೀತ ಬರೆಯುವುದರ ಮೊದಲ ಪುಸ್ತಕ ಇತ್ತು, ಗೆದ್ದಲು ಅಂಚು ಮಾತ್ರ ತಿಂದಿದೆ. ಹಳೆ ಹಾರ್ಮೋನಿಯಂ ಇದೆ. ಮೊದಲ ವಾರ ಗೆರೆಗಳನ್ನು ಮೇಲಿನಿಂದ ಎಣಿಸಿದೆ. ನಾನು ನುಡಿಸಿದ್ದು ಕೇಳಿ ನಾಯಿ ಎದ್ದು ಕೊಟ್ಟಿಗೆಗೆ ಹೋಯ್ತು. ಅಡಿಯಿಂದ ಎಣಿಸಬೇಕಂತೆ. ಆಮೇಲೆ ನನ್ನದೇ ಲೆಕ್ಕ ಮಾಡಿಕೊಂಡೆ. ಹಾರ್ಮೋನಿಯಂನ ಬಿಳಿ ಒಂದನ್ನು ಸ ಅಂತ ಹಿಡಿದರೆ 5 ಗೆರೆಗೆ ಗ, ಪ, ನಿ, ಮೇಲಿನ ರಿ, ಮೇಲಿನ ಮ. ನಡುವಿನ 4 ಸಂದಿಗೆ ಮ, ಧ, ಮೇಲಿನ ಸ, ಮೇಲಿನ ಗ. ಶುರುವಲ್ಲಿ ಜಿಲೇಬಿ ಹಾಗಿದೆಯಲ್ಲ, ಅದರ ಹೊಟ್ಟೆ ಸುತ್ತುವುದು ಎರಡನೇ ಗೆರೆಯನ್ನು, ಅದೇ ಪ. ಅಷ್ಟು ಗೊತ್ತಾದ ರಾತ್ರಿ ಆಯಿಯನ್ನು ಎಬ್ಬಿಸಿ ಹೇಳಿದೆ. ಬೈದಳು.

ಮೇಲೆ 3 ಕೆಳಗೆ 4 ಬರೆದಿದ್ದೀಯ. ನಾನು ಮುಕ್ಕಾಲು ಅಂದುಕೊಂಡಿದ್ದೆ! ನಿಂತ ಗೆರೆಗಳ ನಡುವಿನ ಒಂದೊಂದು ಮನೆಗೆ ಮೂರು ಎಣಿಕೆ, ಕಪ್ಪು ಗುಂಡಿಗೆ ಒಂದು, ಬಾಲ ಇರುವ ಟೊಳ್ಳು ಗುಂಡಿಗೆ ಎರಡು, ಪಕ್ಕದಲ್ಲಿ ಚುಕ್ಕಿ ಬಿದ್ದರೆ ಅದರ ಅರ್ಧ ಜಾಸ್ತಿ. ಇದು ಬೇಗ ಬಂತು. ಚಿಕ್ಕಂದಿನಲ್ಲಿ ಎರಡು ಮಳೆಗಾಲ ತಬಲಾ ಕಲಿತವನಿಗೆ ಎಣಿಕೆ ಕಷ್ಟ ಅಲ್ಲ.

ಕಷ್ಟವಾದದ್ದು ಆ # ಗುರುತು. ಜಿಲೇಬಿಯ ಪಕ್ಕ, ಎಲ್ಲಕ್ಕಿಂತ ಮೇಲಿನ ಗೆರೆಯ ಮೇಲೆ ಒಂದೇ ಒಂದು. ನಿನ್ನ ಹಾಡಿನಲ್ಲಿ ಆ ಗೆರೆಗೆ ಹೋಗುವ ಸ್ವರವೇ ಇಲ್ಲ, ಎಲ್ಲ ಕೆಳಗೇ ಸುತ್ತುತ್ತವೆ. ಹಾಗಾಗಿ ಬಿಟ್ಟುಬಿಟ್ಟೆ. ನುಡಿಸಿದರೆ ಅಜ್ಜಿಯ ಹಾಡು ಹೌದು, ಅಲ್ಲ. ಒಂದು ಕಡೆ ಬಂದಾಗಲೆಲ್ಲ ಯಾರೋ ಬೇರೆಯವರು ಹಾಡಿದ ಹಾಗೆ. ನಾಲ್ಕು ದಿನ ಹಾಗೇ ಒದ್ದಾಡಿದೆ. ಪುಸ್ತಕದಲ್ಲಿ ಹುಡುಕಿದರೆ, ಅದು ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಗುರುತು, ಮೇಲೆ ಕೂತರೂ ಅದೇ ಹೆಸರಿನ ಸ್ವರ ಎಲ್ಲಿ ಬಂದರೂ ಅದಕ್ಕೆ ತಾಗುತ್ತದಂತೆ. ಎಲ್ಲಕ್ಕಿಂತ ಕೆಳಗಿನ ಸಂದಿಗೂ. ಬಿಳಿ ನಾಲ್ಕು ಬಿಟ್ಟು ಕಪ್ಪು ಮೂರು ಒತ್ತಿದೆ. ಮತ್ತೆ ನಿನ್ನ ಹಾಡಿಗೆ ಸ ಇರುವುದೇ ಎರಡನೇ ಗೆರೆಯಲ್ಲಿ, ಕಪ್ಪು ಮೂರು ಅದರ ಕೆಳಗಿನ ನಿ. ನಾನು ಆವರೆಗೂ ಪ ಪ ಅಂತ ಹಾಡಿಕೊಂಡಿದ್ದೆ, ಹೆಡ್ಡ.

ಒತ್ತಿದ ಕೂಡಲೇ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಆಯಿ ಬಾಗಿಲಿಗೆ ಬಂದು ‘ಅತ್ತೆಯದ್ದಲ್ವಾ’ ಅಂದಳು. ಹಸೆಗೆ ಕರೆಯುವ ಹಾಡು.

ಪ್ರಸಂಗದ ಪುಸ್ತಕದಲ್ಲಿ ಪದ್ಯದ ನೆತ್ತಿಯ ಮೇಲೆ ರಾಗ, ತಾಳದ ಹೆಸರು ಇರುತ್ತದೆ, ಅಷ್ಟೇ. ಧಾಟಿ ಭಾಗವತರ ಬಾಯಲ್ಲಿ. ಅವರು ಹೋದರೆ ಅದೂ ಹೋಯ್ತು. ನಮ್ಮಲ್ಲಿ ಹಾಗೇ, ಕಿವಿಯಿಂದ ಕಿವಿಗೆ, ಬರೆದರೆ ಸತ್ತುಹೋಗುತ್ತದೆ ಅಂತ ನಿನ್ನ ಜೊತೆ ಎಷ್ಟು ವಾದ ಮಾಡಿದ್ದೆ. ಇಟಲಿಯಲ್ಲಿ ಗೀದೋ ಅಂತ ಒಬ್ಬ ಸನ್ಯಾಸಿ, 11ನೇ ಶತಮಾನದವನು, ಹುಡುಗರು ವರ್ಷಗಟ್ಟಲೆ ಬಾಯಿಪಾಠ ಮಾಡುವುದು ನೋಡಲಾರದೆ 4 ಗೆರೆ ಎಳೆದನಂತೆ. ಅವನಿಗೂ ಯಾರೋ ನನ್ನಂಥವರು ಇದೇ ಮಾತು ಹೇಳಿರಬೇಕು.

ಇನ್ನು ಮೇಲೆ ಬರೆದದ್ದಕ್ಕೆ ಎರಡು ಜೆರಾಕ್ಸ್ ತೆಗೆಸು. ಒಂದು ನಿನ್ನಲ್ಲಿ, ಒಂದು ಬೇರೆಯವರಲ್ಲಿ. ಮೊಬೈಲ್ ನಂಬಬೇಡ. ಬೆಳಿಗ್ಗೆ ತಿಂಡಿ ತಿನ್ನದೆ ಕ್ಲಾಸಿಗೆ ಹೋಗಬೇಡ. ಬೆಂಗಳೂರಲ್ಲಿ ರಾತ್ರಿ ಹತ್ತರ ಮೇಲೆ ಒಬ್ಬಳೇ ಆಟೋದಲ್ಲಿ, ಇರಲಿ, ಆಯಿ ಹೇಳಿರ್ತಾಳೆ. ಜೆರಾಕ್ಸ್ ತೆಗೆಸು ಅಂತ ಹೇಳುವ ಬಾಯಿ ಯಾವುದು ನೋಡು.

ಸೊಸೈಟಿಯಲ್ಲಿ ಮೊನ್ನೆ ಒಬ್ಬರು ಕೇಳಿದರು, ಮಗಳು ಏನು ಓದ್ತಾಳೆ ಅಂತ. ಸಂಗೀತ ಬರೆಯೋದು ಕಲೀತಾಳೆ ಅಂದೆ. ಹಾಡೋದಾ? ಅಲ್ಲ, ಬರೆಯೋದು. ಅಡಿಕೆ ಚೀಲ ಬಿಟ್ಟು ಅವರಿಗೆ ಐದು ಗೆರೆ ಎಳೆದು ತೋರಿಸಿದೆ, ರಸೀದಿಯ ಹಿಂದೆ.

ಉಳಿದ ಹಾಡು ನನಗೆ ಬರುವಷ್ಟು ಹಾಡ್ತೇನೆ, ಆಯಿಗೂ ಮೂರು ನಾಲ್ಕು ಬರುತ್ತದೆ. ಅಜ್ಜಿಯ ಹಾಗೆ ಆಗುವುದಿಲ್ಲ. ದೀಪಾವಳಿಗೆ ಬಂದರೆ ಬರೆದುಕೋ. ಬರದಿದ್ದರೆ ನಾನೇ ಪ್ರಯತ್ನ ಮಾಡ್ತೇನೆ, ಗುಂಡು ಬರೆಯುವುದು ಇನ್ನೂ ಕೋಳಿಮೊಟ್ಟೆ ಆಗುತ್ತಿದೆ.

ಈಗ ಕೇಳಬೇಕಾದ್ದು. ಎರಡನೇ ಸಾಲಿನ ಕೊನೆಯ ಗುಂಡಿನ ಮೇಲೆ ಕಣ್ಣಿನ ಹಾಗೆ ಒಂದು ಗುರುತು ಇದೆ, ಅರ್ಧ ಬಳೆ, ಒಳಗೆ ಚುಕ್ಕಿ. ಫರ್ಮಾಟಾ ಅಂತೆ, ಎಣಿಕೆ ಬಿಟ್ಟು ಬೇಕಾದಷ್ಟು ಹೊತ್ತು ನಿಲ್ಲಬೇಕಂತೆ. ಅಜ್ಜಿ ಅಲ್ಲಿ ಉಸಿರು ತೆಗೆದುಕೊಳ್ಳಲು ನಿಲ್ಲಿಸುತ್ತಿದ್ದಳಲ್ಲ, ಅದನ್ನೂ ಬರೆದಿದ್ದೀಯ. ಆದರೆ ಮಡಿಕೆ ಬಿದ್ದು ಗುಂಡೇ ಅಳಿಸಿದೆ. ಎರಡನೇ ಗೆರೆಯ ಮೇಲಿದೆಯೋ, ಕೆಳಗಿನ ಸಂದಿಯಲ್ಲೋ ಕಾಣುತ್ತಿಲ್ಲ. ಸ ಅಂತಾಳೆ ಆಯಿ. ನನ್ನ ಕಿವಿಗೆ ನಿ. ನಿನಗೆ ನೆನಪಿರ್ತದೆ. ಆಯಿಯ ಫೋನಿಗಾದರೂ ಹೇಳು, ನಾನು ಪಕ್ಕದಲ್ಲೇ ಇರ್ತೇನೆ.

ನಿನ್ನ ಅಪ್ಪ