ವಾಲ್‌ಮಾರ್ಟ್ ಬೆಳೆದ ಬಗೆ: ಬೆಲೆಗಿಂತ ಲಾರಿಯ ಲೆಕ್ಕ

ಮಾನ್ಯ ಸಂಪಾದಕರೇ,

ಅಮೆರಿಕದ ಚಿಲ್ಲರೆ ಮಳಿಗೆಗಳ ಕಂಪನಿ ವಾಲ್‌ಮಾರ್ಟ್‌ನ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡು ತಪ್ಪುಗಳು ಜೋಡಿಯಾಗಿ ಬರುತ್ತವೆ. ಮೊದಲನೆಯದು, ವಹಿವಾಟಿನ ಮೊತ್ತವನ್ನೇ ಲಾಭವೆಂದು ಬರೆಯುವುದು. ಎರಡನೆಯದು, ‘ರಾಶಿಗಟ್ಟಲೆ ಕೊಂಡರು, ಅಗ್ಗಕ್ಕೆ ಮಾರಿದರು, ಬೆಳೆದರು’ ಎಂದು ಒಂದೇ ಉಸಿರಿನಲ್ಲಿ ಮುಗಿಸಿಬಿಡುವುದು. ಮೊದಲನೆಯದನ್ನು ಬೇಗ ತಿದ್ದಬಹುದು. 2025ರ ಹಣಕಾಸು ವರ್ಷದಲ್ಲಿ ಕಂಪನಿಯ ಒಟ್ಟು ವರಮಾನ ಸುಮಾರು 68,100 ಕೋಟಿ ಡಾಲರ್, ನಿವ್ವಳ ಲಾಭ ಸುಮಾರು 1,940 ಕೋಟಿ ಡಾಲರ್. ಅಂದರೆ 100 ಡಾಲರಿನ ವ್ಯಾಪಾರವಾದರೆ ಕೈಯಲ್ಲಿ ಉಳಿಯುವುದು 3 ಡಾಲರಿಗೂ ಕಡಿಮೆ. ಇಷ್ಟು ತೆಳು ಲಾಭದ ಮೇಲೆ 19 ದೇಶಗಳಲ್ಲಿ 10,000ಕ್ಕೂ ಹೆಚ್ಚು ಮಳಿಗೆಗಳೂ ಸುಮಾರು 21 ಲಕ್ಷ ನೌಕರರೂ ನಿಂತಿರುವಾಗ, ಗುಟ್ಟನ್ನು ಬೆಲೆಪಟ್ಟಿಯಲ್ಲಿ ಹುಡುಕಿ ಫಲವಿಲ್ಲ. ಖರ್ಚಿನ ಪಟ್ಟಿಯನ್ನು ನೋಡಬೇಕು.

ಎರಡನೆಯ ತಪ್ಪನ್ನು ತಿದ್ದಲು ತುಸು ಹಿಂದೆ ಹೋಗಬೇಕು. ಕಂಪನಿಯ ಸ್ಥಾಪಕ ಸ್ಯಾಮ್ ವಾಲ್ಟನ್ 1945ರಲ್ಲಿ ಅಮೆರಿಕದ ಆರ್ಕನ್ಸಾ ರಾಜ್ಯದ ನ್ಯೂಪೋರ್ಟ್ ಎಂಬ ಸಣ್ಣ ಊರಿನಲ್ಲಿ ‘ಬೆನ್ ಫ್ರಾಂಕ್ಲಿನ್’ ಎಂಬ ಸರಣಿಯ ಹೆಸರಿನಲ್ಲಿ ನಡೆಯುತ್ತಿದ್ದ ಅಂಗಡಿಯೊಂದನ್ನು 25,000 ಡಾಲರಿಗೆ ಕೊಂಡರು. ಅದರಲ್ಲಿ 5,000 ಸ್ವಂತ ಉಳಿತಾಯ, 20,000 ಮಾವನಿಂದ ತಂದ ಸಾಲ. ವರ್ಷಕ್ಕೆ 72,000 ಡಾಲರ್ ಇದ್ದ ವ್ಯಾಪಾರವನ್ನು ಐದು ವರ್ಷದಲ್ಲಿ ಎರಡೂವರೆ ಲಕ್ಷಕ್ಕೆ ಏರಿಸಿದರು. ಆದರೂ 1950ರಲ್ಲಿ ಅಂಗಡಿ ಕೈಬಿಟ್ಟಿತು. ಬಾಡಿಗೆ ಕರಾರಿನಲ್ಲಿ ಅವಧಿ ಮುಗಿದ ಮೇಲೆ ಮುಂದುವರಿಸುವ ಹಕ್ಕಿನ ಷರತ್ತೇ ಇರಲಿಲ್ಲ, ಕಟ್ಟಡದ ಮಾಲೀಕ ತನ್ನ ಮಗನಿಗೆಂದು ಅಂಗಡಿ ಬಯಸಿದ. ಮೇಲಾಗಿ ಬಾಡಿಗೆ ಮಾರಾಟದ ಶೇ 5ರಷ್ಟಿತ್ತು. ಈಗ ವಾಲ್‌ಮಾರ್ಟ್‌ಗೆ 100 ಡಾಲರಿಗೆ ಉಳಿಯುವ ಲಾಭದೊಡನೆ ಇದನ್ನು ಹೋಲಿಸಿ ನೋಡಿ, ಆ ಕರಾರು ಎಷ್ಟು ದುಬಾರಿಯದ್ದೆಂದು ತಿಳಿಯುತ್ತದೆ. ಮುಂದೆ, ಈಗ ಕಂಪನಿಯ ಕೇಂದ್ರ ಕಚೇರಿಯಿರುವ ಬೆಂಟನ್‌ವಿಲ್‌ಗೆ ಹೋದಾಗ ಅಂಗಡಿ ವಿಸ್ತರಿಸಲು ಬೇಕಿದ್ದ ಪಕ್ಕದ ಜಾಗಕ್ಕೆ ಅವರು ಬರೆಸಿಕೊಂಡದ್ದು 99 ವರ್ಷದ ಕರಾರು.

ಅಗ್ಗದ ಲೆಕ್ಕವೂ ನ್ಯೂಪೋರ್ಟ್‌ನದ್ದೇ. ಬೆನ್ ಫ್ರಾಂಕ್ಲಿನ್‌ನ ಮೂಲ ಸಂಸ್ಥೆ ಹೆಂಗಸರ ಒಳಉಡುಪನ್ನು ಡಜನ್ನಿಗೆ ಎರಡೂವರೆ ಡಾಲರಿನಂತೆ ಕೊಡುತ್ತಿತ್ತು, ಅಂಗಡಿಯಲ್ಲಿ ಡಾಲರಿಗೆ 3ರಂತೆ ಮಾರಬೇಕಿತ್ತು. ವಾಲ್ಟನ್ ಅದೇ ಮಾಲನ್ನು ನ್ಯೂಯಾರ್ಕಿನಿಂದ ಡಜನ್ನಿಗೆ 2 ಡಾಲರಿನಂತೆ ತರಿಸಿ, ಡಾಲರಿಗೆ 4ರಂತೆ ಮಾರಿದರು. ಡಜನ್ನಿನ ಲಾಭ ಒಂದೂವರೆ ಡಾಲರಿನಿಂದ ಒಂದಕ್ಕೆ ಇಳಿಯಿತು, ಆದರೆ ಮಾರಾಟ ಅದನ್ನು ಮೀರಿ ಏರಿತು. ಇಲ್ಲಿಯವರೆಗಿನದು ಯಾವ ಜಾಣ ವ್ಯಾಪಾರಿಗಾದರೂ ಗೊತ್ತಿರುವ ವಿದ್ಯೆ. ಇದೇ ವಿದ್ಯೆ ಗೊತ್ತಿದ್ದ ಇನ್ನೂ ಮೂವರು 1962ರಲ್ಲೇ ಕಣಕ್ಕಿಳಿದರು: ಕ್ರೆಸ್ಗಿ ಕಂಪನಿ ಕೆಮಾರ್ಟ್ ತೆರೆಯಿತು, ಡೇಟನ್ ಕಂಪನಿ ಟಾರ್ಗೆಟ್ ತೆರೆಯಿತು, ವುಲ್‌ವರ್ತ್ ವುಲ್ಕೊ ತೆರೆಯಿತು. ಮೂವರಿಗೂ ವಾಲ್ಟನ್‌ಗಿಂತ ಎಷ್ಟೋ ಪಾಲು ಹೆಚ್ಚು ಹಣವಿತ್ತು. ಅದೇ ವರ್ಷ ಜುಲೈ 2ರಂದು ರೋಜರ್ಸ್ ಎಂಬ ಊರಿನಲ್ಲಿ ತೆರೆದ ಮೊದಲ ವಾಲ್‌ಮಾರ್ಟ್‌ಗೆ ಬಂಡವಾಳದ ಶೇ 95 ವಾಲ್ಟನ್ ದಂಪತಿಯೇ ಹೊಂದಿಸಬೇಕಾಯಿತು. ಶೇ 3 ಸ್ಯಾಮ್ ಅವರ ತಮ್ಮ ಬಡ್ ಹಾಕಿದರು, ಶೇ 2 ಅಂಗಡಿಯ ಮ್ಯಾನೇಜರ್ ಹಾಕಿದರು. ಬೇರೆ ಯಾರೂ ಮುಂದೆ ಬರಲಿಲ್ಲ.

ಹಾಗಾದರೆ ಬೇರೆಯಾದದ್ದೆಲ್ಲಿ? ಊರಿನ ಆಯ್ಕೆಯಲ್ಲಿ, ಅದರಿಂದ ಹುಟ್ಟಿದ ತೊಂದರೆಯಲ್ಲಿ. ದೊಡ್ಡ ಕಂಪನಿಗಳು ನಗರಗಳಿಗೆ ಹೋದವು, ವಾಲ್‌ಮಾರ್ಟ್ ಕೆಲವೇ ಸಾವಿರ ಜನರಿರುವ ಊರುಗಳಿಗೆ ಹೋಯಿತು. ಅಲ್ಲಿ ಪೈಪೋಟಿ ಇರಲಿಲ್ಲ ನಿಜ. ಆದರೆ ಸಗಟು ಪೂರೈಕೆದಾರರ ಲಾರಿಯೂ ಅಲ್ಲಿಗೆ ಸರಿಯಾಗಿ ಬರುತ್ತಿರಲಿಲ್ಲ. ಬಂದರೂ ದರ ಹೆಚ್ಚು, ದಿನ ತಪ್ಪುವುದು ಖಚಿತ. ಬೇರೆ ದಾರಿಯಿಲ್ಲದೆ ಕಂಪನಿ ತನ್ನದೇ ಗೋದಾಮು, ತನ್ನದೇ ಲಾರಿ ಕಟ್ಟಿಕೊಳ್ಳಬೇಕಾಯಿತು. 1970ರಲ್ಲಿ ತಲಾ 16.50 ಡಾಲರಿನಂತೆ 3 ಲಕ್ಷ ಷೇರು ಮಾರಿ ಎತ್ತಿದ ಸುಮಾರು 50 ಲಕ್ಷ ಡಾಲರ್ ಸಾಲದ ಹೊರೆ ಇಳಿಸಿತು, ಹೊಸ ಮಳಿಗೆಗಳಿಗೆ ದಾರಿ ಮಾಡಿತು. ಆಗ ಇದ್ದ ಮಳಿಗೆಗಳು 38, ವಹಿವಾಟು 4.42 ಕೋಟಿ ಡಾಲರ್.

ಆ ವ್ಯವಸ್ಥೆಯ ನಿಯಮ ಸರಳ. ಗೋದಾಮಿನಿಂದ ಲಾರಿ ಒಂದು ದಿನದಲ್ಲಿ ಮುಟ್ಟುವಷ್ಟು ದೂರದಲ್ಲೇ ಮಳಿಗೆ ತೆರೆಯಬೇಕು. ಆ ವಲಯ ತುಂಬುವ ತನಕ ಆಚೆ ಕಾಲಿಡಬಾರದು. ತುಂಬಿದ ಮೇಲೆ ಅದರ ಅಂಚಿನಲ್ಲಿ ಇನ್ನೊಂದು ಗೋದಾಮು. ಎಣ್ಣೆ ಬಟ್ಟೆಗೆ ಹರಡಿದಂತೆ ಹರಡುವುದು, ಅಲ್ಲೊಂದು ಇಲ್ಲೊಂದು ಚಿಮ್ಮುವುದಲ್ಲ. ಹತ್ತಿರಹತ್ತಿರ ಮಳಿಗೆಗಳಿದ್ದರೆ ಒಂದೇ ಲಾರಿ ಎರಡು ಮೂರು ಕಡೆ ಇಳಿಸಬಹುದು, ಮೇಲ್ವಿಚಾರಕರು ವಾರದಲ್ಲಿ ಹಲವು ಮಳಿಗೆ ನೋಡಬಹುದು, ಜಾಹೀರಾತಿಗೆ ಹಣ ಸುರಿಯದೆ ಬಾಯಿಂದ ಬಾಯಿಗೆ ಸುದ್ದಿ ಹೋಗುತ್ತದೆ. ಮರಳುವ ಲಾರಿ ಖಾಲಿ ಬರಬಾರದು; ದಾರಿಯಲ್ಲಿರುವ ಕಾರ್ಖಾನೆಯಿಂದ ಸರಕು ತುಂಬಿಕೊಂಡೇ ಗೋದಾಮಿಗೆ ಬರಬೇಕು. ಗೋದಾಮಿನೊಳಗೂ ಬಹಳಷ್ಟು ಪೆಟ್ಟಿಗೆಗಳು ಅಟ್ಟ ಹತ್ತುವುದಿಲ್ಲ. ಒಂದು ಬಾಗಿಲಲ್ಲಿ ಬಂದ ಲಾರಿಯಿಂದ ಇಳಿದದ್ದು ಒಂದೆರಡು ದಿನದೊಳಗೆ ಎದುರು ಬಾಗಿಲ ಲಾರಿಗೆ ಏರಿ ಮಳಿಗೆಗೆ ಹೊರಡುತ್ತದೆ. ಗೋದಾಮು ಇಲ್ಲಿ ದಾಸ್ತಾನಿನ ಕೋಣೆಗಿಂತ ಹೆಚ್ಚಾಗಿ ಬಸ್ ನಿಲ್ದಾಣ.

ಇದರ ಬೆಲೆ ಎಷ್ಟು? ವಾಲ್ಟನ್ ಕೊನೆಯ ದಿನಗಳಲ್ಲಿ ಬರೆದಿಟ್ಟ ಲೆಕ್ಕದಂತೆ, ಸರಕನ್ನು ಮಳಿಗೆಗೆ ಮುಟ್ಟಿಸಲು ಅವರಿಗೆ ಮಾರಾಟದ ಶೇ 3ಕ್ಕಿಂತ ಕಡಿಮೆ ಖರ್ಚಾಗುತ್ತಿತ್ತು, ಪೈಪೋಟಿಯವರಿಗೆ ಶೇ 4.5ರಿಂದ 5. ವ್ಯತ್ಯಾಸ ಶೇ 2ರ ಆಸುಪಾಸು. ಶೇ 3ರ ನಿವ್ವಳ ಲಾಭದ ವ್ಯಾಪಾರದಲ್ಲಿ ಶೇ 2 ಎಂದರೆ ಬದುಕು ಸಾವಿನ ಅಂತರ. ಎದುರಾಳಿ ಅದೇ ಬೆಲೆಗೆ ಮಾರಲು ಹೋದರೆ ಅವನ ಲಾಭದ ಬಹುಪಾಲು ಲಾರಿಯ ಡೀಸೆಲಿನಲ್ಲೇ ಹೋಗುತ್ತದೆ. ‘ಅಗ್ಗ’ ಎಂಬುದು ಈ ಉಳಿತಾಯದ ಫಲ.

ಲಾರಿಯ ಬೆನ್ನಿಗೇ ಮಾಹಿತಿ ಬಂತು. 1980ರ ದಶಕದಲ್ಲಿ ಗಲ್ಲೆಗಳಲ್ಲಿ ಬಾರ್‌ಕೋಡ್ ಓದುವ ಯಂತ್ರಗಳು ಬಂದವು, 1987ರಲ್ಲಿ ಸ್ವಂತ ಉಪಗ್ರಹ ಸಂಪರ್ಕ ಜಾಲ ಮುಗಿಯಿತು. ಮಳಿಗೆಯಲ್ಲಿ ಒಂದು ಪೊಟ್ಟಣ ಮಾರಾಟವಾದದ್ದು ಬೆಂಟನ್‌ವಿಲ್‌ಗೆ ಬೇಗ ತಿಳಿಯತೊಡಗಿತು. 1991ರಲ್ಲಿ ‘ರಿಟೇಲ್ ಲಿಂಕ್’ ಹೆಸರಿನಲ್ಲಿ ಆ ಅಂಕಿಅಂಶವನ್ನು ಪೂರೈಕೆದಾರರಿಗೂ ತೆರೆದಿಟ್ಟರು. ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನಂಥ ಕಂಪನಿ ಯಾವ ಮಳಿಗೆಗೆ ಎಷ್ಟು ಡಯಾಪರ್ ಬೇಕೆಂದು ತಾನೇ ನೋಡಿ ಕಳಿಸತೊಡಗಿತು. ಇಲ್ಲೊಂದು ಸೂಕ್ಷ್ಮವಿದೆ. ನಿತ್ಯವೂ ಒಂದೇ ಕಡಿಮೆ ಬೆಲೆ ಎಂಬ ನೀತಿಯಿಲ್ಲದಿದ್ದರೆ ಈ ಅಂಕಿಗಳು ನಂಬಲರ್ಹವಾಗುತ್ತಿರಲಿಲ್ಲ. ಒಂದು ವಾರ ರಿಯಾಯಿತಿ, ಮುಂದಿನ ವಾರ ಪೂರ್ತಿ ಬೆಲೆ ಎಂದಾದರೆ ಗಿರಾಕಿಗಳು ರಿಯಾಯಿತಿಯ ದಿನ ಮುಗಿಬೀಳುತ್ತಾರೆ, ಉಳಿದ ದಿನ ಬರುವುದಿಲ್ಲ. ಬೇಡಿಕೆಯ ಗೆರೆ ಗರಗಸದ ಹಲ್ಲಿನಂತಾಗುತ್ತದೆ, ಗೋದಾಮು ಒಮ್ಮೆ ಉಕ್ಕುತ್ತದೆ, ಒಮ್ಮೆ ಬರಿದಾಗುತ್ತದೆ. ಬೆಲೆ ಸಮವಾಗಿದ್ದರೆ ಲಾರಿಯೂ ಸಮವಾಗಿ ಓಡುತ್ತದೆ.

ಸರಕು ಬೇಗ ತಿರುಗುವುದರಿಂದ ಇನ್ನೊಂದು ಅನುಕೂಲ ತಾನಾಗಿ ಒದಗಿತು. 2025ರ ಲೆಕ್ಕಪತ್ರದಲ್ಲಿ ಕಂಪನಿಯ ಬಳಿ ಇದ್ದ ಸರಕಿನ ಮೌಲ್ಯ ಸುಮಾರು 5,600 ಕೋಟಿ ಡಾಲರ್, ಕೊಡಬೇಕಾದ ವ್ಯಾಪಾರದ ಬಾಕಿ ಸುಮಾರು 5,900 ಕೋಟಿ. ಇಡೀ ದಾಸ್ತಾನು ಹೆಚ್ಚುಕಡಿಮೆ ಉದ್ರಿಯಲ್ಲೇ ನಿಂತಿದೆ. ಗಿರಾಕಿ ನಗದು ಕೊಡುತ್ತಾನೆ, ಕಾರ್ಖಾನೆಯವನು ಕಾಯುತ್ತಾನೆ.

ಎಲ್ಲ ಯಂತ್ರವೂ ಫಲಿಸಿತೆಂದಲ್ಲ. 2005ರ ಜನವರಿಯ ಹೊತ್ತಿಗೆ ಅಗ್ರ 100 ಪೂರೈಕೆದಾರರು ಪೆಟ್ಟಿಗೆಗಳಿಗೆ ದೂರದಿಂದಲೇ ಯಂತ್ರ ಓದಬಲ್ಲ ರೇಡಿಯೊ ಚೀಟಿ ಅಂಟಿಸಬೇಕೆಂದು ಹೊರಡಿಸಿದ ಆದೇಶ ನೆಲಕಚ್ಚಿತು. ಚೀಟಿಯ ಖರ್ಚು ಪೂರೈಕೆದಾರನಿಗೆ, ಲಾಭ ವಾಲ್‌ಮಾರ್ಟ್‌ಗೆ. ಜೊತೆಗೆ ನೀರು ತುಂಬಿದ ಬಾಟಲಿ, ಲೋಹದ ಡಬ್ಬಿಗಳಿದ್ದಲ್ಲಿ ರೇಡಿಯೊ ಸಂಕೇತ ಸರಿಯಾಗಿ ಸಿಗುತ್ತಿರಲಿಲ್ಲ. ಹಾಗೆಯೇ ದಿನಸಿಯನ್ನೂ ಇತರ ಸರಕನ್ನೂ ಒಂದೇ ಸೂರಿನಡಿ ಮಾರಲು 1987ರಲ್ಲಿ ತೆರೆದ ‘ಹೈಪರ್‌ಮಾರ್ಟ್’ ಅತಿ ದೊಡ್ಡದಾಯಿತು, ಗಿರಾಕಿಗೆ ನಡೆದೇ ಸುಸ್ತು. ಅದನ್ನು ಕುಗ್ಗಿಸಿ 1988ರಲ್ಲಿ ಮಿಸೌರಿಯ ವಾಷಿಂಗ್ಟನ್ ಎಂಬ ಊರಿನಲ್ಲಿ ‘ಸೂಪರ್‌ಸೆಂಟರ್’ ಮಾಡಿದರು. ದಿನಸಿಯಲ್ಲಿ ಲಾಭ ಕಡಿಮೆ, ಆದರೆ ದಿನಸಿಗೆ ಬರುವವರು ವಾರಕ್ಕೊಮ್ಮೆ ಬಂದೇ ಬರುತ್ತಾರೆ, ಬಂದವರು ಬಟ್ಟೆಬರೆಯನ್ನೂ ನೋಡುತ್ತಾರೆ.

ಈಗ ಕುಟುಂಬದ ಮಾತು. ಜನ ಇದನ್ನು ಅದೃಷ್ಟವೆಂದುಕೊಳ್ಳುತ್ತಾರೆ. ಅದು ಕಾಗದಪತ್ರದ ಕೆಲಸ. 1953ರಲ್ಲಿ, ಮೊದಲ ವಾಲ್‌ಮಾರ್ಟ್ ತೆರೆಯುವುದಕ್ಕೆ 9 ವರ್ಷ ಮುಂಚೆಯೇ, ವಾಲ್ಟನ್ ದಂಪತಿ ಮಾವನ ಸಲಹೆಯಂತೆ ತಮ್ಮ ವ್ಯಾಪಾರವನ್ನು ಕುಟುಂಬ ಪಾಲುದಾರಿಕೆಗೆ ಸೇರಿಸಿದರು. ನಾಲ್ವರು ಮಕ್ಕಳಿಗೆ ತಲಾ ಶೇ 20, ದಂಪತಿಗೆ ಸೇರಿ ಶೇ 20. ಆಸ್ತಿ ಅಲ್ಪವಿದ್ದಾಗ ಮಕ್ಕಳ ಹೆಸರಿಗೆ ಹೋಯಿತು, ಮುಂದಿನ ಬೆಳವಣಿಗೆಯೆಲ್ಲ ಅವರ ಕೈಯಲ್ಲೇ ಆಯಿತು. 1992ರಲ್ಲಿ ಸ್ಯಾಮ್ ತೀರಿಕೊಂಡಾಗ ಉತ್ತರಾಧಿಕಾರ ತೆರಿಗೆಗಾಗಿ ಷೇರು ಮಾರಿ ಹಿಡಿತ ಕಳೆದುಕೊಳ್ಳುವ ಪ್ರಸಂಗವೇ ಬರಲಿಲ್ಲ. ತೆರಿಗೆಯ ನ್ಯಾಯ-ಅನ್ಯಾಯದ ಪ್ರಶ್ನೆ ಬೇರೆ, ಅದನ್ನು ಎತ್ತುವವರು ಎತ್ತಲಿ. ಆದರೆ ಎಷ್ಟೋ ಕುಟುಂಬ ವ್ಯಾಪಾರಗಳು ಎರಡನೇ ತಲೆಮಾರಿನಲ್ಲಿ ಒಡೆಯುವುದು ಇಂಥ ಕಾಗದ ತಡವಾಗಿ ಬರೆಸುವುದರಿಂದ.

ಒಡೆತನ ಉಳಿಸಿಕೊಂಡ ಕುಟುಂಬ ಆಡಳಿತವನ್ನು ಹೊರಗಿನವರಿಗೆ ಬಿಟ್ಟಿತು. 1988ರಲ್ಲಿ ಡೇವಿಡ್ ಗ್ಲಾಸ್ ಮುಖ್ಯ ಕಾರ್ಯನಿರ್ವಾಹಕರಾದಂದಿನಿಂದ ಆ ಕುರ್ಚಿಯಲ್ಲಿ ವಾಲ್ಟನ್‌ಗಳು ಕೂತಿಲ್ಲ. ಅಧ್ಯಕ್ಷ ಸ್ಥಾನ ಮಾತ್ರ ಮನೆಯಲ್ಲೇ ಇದೆ: 2015ರವರೆಗೆ ಹಿರಿಯ ಮಗ ರಾಬ್ಸನ್, ಆಮೇಲೆ ಅವರ ಅಳಿಯ ಗ್ರೆಗ್ ಪೆನ್ನರ್. ಕಂಪನಿ ತನ್ನದೇ ಷೇರುಗಳನ್ನು ಮರಳಿ ಕೊಳ್ಳುತ್ತ ಹೋದಂತೆ, ಏನೂ ಕೊಳ್ಳದೆಯೇ ಕುಟುಂಬದ ಪಾಲು ಶೇಕಡಾವಾರು ಏರತೊಡಗಿ ಅರ್ಧ ದಾಟಿತು. 2015ರಲ್ಲಿ ಪ್ರತ್ಯೇಕ ಟ್ರಸ್ಟ್ ಮಾಡಿ ಒಂದಿಷ್ಟನ್ನು ಮಾರಲು ಎತ್ತಿಟ್ಟದ್ದು ಅದಕ್ಕೇ. ಈಗ ಪಾಲು ಶೇ 45ರ ಆಸುಪಾಸಿನಲ್ಲಿದೆ.

ಖರ್ಚು ಹಿಂಡುವ ಈ ಪದ್ಧತಿಯ ಬಿಸಿ ಯಾರಿಗೆ ತಟ್ಟಿತೆಂಬುದನ್ನೂ ಹೇಳಬೇಕು. ವ್ಲಾಸಿಕ್ ಉಪ್ಪಿನಕಾಯಿ ಕಂಪನಿಯ ಸುಮಾರು 3.8 ಲೀಟರಿನ ಜಾಡಿಯನ್ನು 2.97 ಡಾಲರಿಗೆ ಮಾರಲಾಯಿತು. ಜಾಡಿಗಳು ರಾಶಿರಾಶಿಯಾಗಿ ಹೋದವು, ತಯಾರಕನಿಗೆ ಜಾಡಿಗೆ ಒಂದೆರಡು ಸೆಂಟ್ ಉಳಿದರೆ ಹೆಚ್ಚು. ಹೆಚ್ಚು ಲಾಭದ ಸಣ್ಣ ಬಾಟಲಿಗಳ ಮಾರಾಟವನ್ನು ಆ ದೊಡ್ಡ ಜಾಡಿಯೇ ತಿಂದಿತು. 2001ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದಕ್ಕೆ ಬೇರೆ ಸಾಲಗಳೂ ಕಾರಣ, ಜಾಡಿಯೊಂದರ ಮೇಲೆ ಪೂರ್ತಿ ಹೊರೆ ಹಾಕಲಾಗದು. ಇನ್ನು ಕಾರ್ಮಿಕರದ್ದು: ಕೆನಡಾದ ಕ್ವಿಬೆಕ್ ಪ್ರಾಂತ್ಯದ ಜೊಂಕಿಯೇರ್ ಮಳಿಗೆಯ ನೌಕರರು 2004ರಲ್ಲಿ ಸಂಘ ಕಟ್ಟಿದರು, 2005ರಲ್ಲಿ ಮಳಿಗೆಯೇ ಮುಚ್ಚಿತು. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಂಪನಿಯ ವಿರುದ್ಧ ತೀರ್ಪಿತ್ತಿತು.

ವಿದೇಶಕ್ಕೆ ಹೋದಾಗ ಏನಾಯಿತೆಂಬುದು ಲಾರಿಯ ಲೆಕ್ಕದ ಮಾತಿಗೆ ಸಾಕ್ಷಿ. 1991ರಲ್ಲಿ ಮೆಕ್ಸಿಕೊದಲ್ಲಿ ಸಿಫ್ರಾ ಎಂಬ ಸ್ಥಳೀಯ ಕಂಪನಿಯ ಜೊತೆಗೂಡಿ ಹೋದರು. ಸಿಫ್ರಾಕ್ಕೆ ಆಗಲೇ ಮಳಿಗೆಗಳ ಜಾಲವಿತ್ತು, ಅಲ್ಲಿನ ಗಿರಾಕಿಯ ಮನಸ್ಸು ಬಲ್ಲ ಜನರಿದ್ದರು. ಅದು ಗಟ್ಟಿಯಾಗಿ ನಿಂತಿತು. ಕೆನಡಾದಲ್ಲೂ 1994ರಲ್ಲಿ 122 ವುಲ್ಕೊ ಮಳಿಗೆಗಳನ್ನು ಒಟ್ಟಿಗೇ ಕೊಂಡರು.

ಜರ್ಮನಿಯಲ್ಲಿ ಲೆಕ್ಕ ತಪ್ಪಿತು. 1997-98ರಲ್ಲಿ ವೆರ್ಟ್‌ಕಾಫ್‌ನ 21 ಮತ್ತು ಇಂಟರ್‌ಸ್ಪಾರ್‌ನ 74 ಮಳಿಗೆಗಳನ್ನು ಕೊಂಡರು. ಎರಡೂ ಬೇರೆ ಬೇರೆ ಪದ್ಧತಿಯವು. ಇಷ್ಟು ಮಳಿಗೆಗಳಿಂದ ಅಷ್ಟು ದೊಡ್ಡ ದೇಶದಲ್ಲಿ ಲಾರಿಯ ಲೆಕ್ಕ ಕೂಡಿಬರಲಿಲ್ಲ. ಎದುರಿಗೆ ಆಲ್ಡಿ ಎಂಬ ಅಲ್ಲಿನದೇ ಅಗ್ಗದ ಅಂಗಡಿಗಳ ಸರಣಿ ಇತ್ತು, ಅದೂ ಕುಟುಂಬದ ಒಡೆತನದ್ದೇ. ಕೆಲವೇ ನೂರು ಬಗೆಯ ಸರಕು, ಬಹುತೇಕ ಸ್ವಂತ ಬ್ರ್ಯಾಂಡು, ಊರೂರಿಗೂ ಸಣ್ಣ ಮಳಿಗೆ. ಅಗ್ಗದಲ್ಲಿ ಆಲ್ಡಿಯನ್ನು ಮೀರಿಸಲು ಹಾಲು, ಬೆಣ್ಣೆಗಳನ್ನು ಅಸಲಿಗಿಂತ ಕಡಿಮೆಗೆ ಮಾರಲು ಹೊರಟಾಗ 2000ದಲ್ಲಿ ಅಲ್ಲಿನ ಸ್ಪರ್ಧಾ ನಿಯಂತ್ರಣ ಕಚೇರಿ ತಡೆಯಿತು. ರಾತ್ರಿಯಿಡೀ, ಭಾನುವಾರವೂ ಅಂಗಡಿ ತೆರೆಯಲು ಕಾನೂನು ಬಿಡಲಿಲ್ಲ. ಗಲ್ಲೆಯ ಬಳಿ ನೌಕರರು ಸಾಮಾನು ಚೀಲಕ್ಕೆ ತುಂಬಿಕೊಡುವುದು ಅಲ್ಲಿನವರಿಗೆ ಹಿಡಿಸಲಿಲ್ಲ ಎಂಬ ಕಥೆ ಹೆಚ್ಚು ಪ್ರಚಾರದಲ್ಲಿದೆ, ಆದರೆ ಅದು ಮೇಲಿನ ನೊರೆ. 2006ರಲ್ಲಿ 85 ಮಳಿಗೆಗಳನ್ನು ಅಲ್ಲಿನ ಮೆಟ್ರೊ ಎಂಬ ವ್ಯಾಪಾರ ಕಂಪನಿಗೆ ಬಿಟ್ಟುಕೊಟ್ಟು ಹೊರಬಂದರು. ನಷ್ಟ ಸುಮಾರು 100 ಕೋಟಿ ಡಾಲರ್. ಅದೇ ವರ್ಷ ದಕ್ಷಿಣ ಕೊರಿಯದ 16 ಮಳಿಗೆಗಳೂ ಮಾರಾಟವಾದವು.

ಭಾರತದ ವಿಷಯಕ್ಕೆ ಬಂದರೆ, ಭಾರ್ತಿ ಜೊತೆ 2007ರಲ್ಲಿ ಕೈಜೋಡಿಸಿ 2009ರಲ್ಲಿ ಅಮೃತಸರದಲ್ಲಿ ಸಗಟು ಮಳಿಗೆ ತೆರೆದರು, 2013ರಲ್ಲಿ ಬೇರೆಯಾದರು. 2012ರ ನಿಯಮ ಬಹುಬ್ರ್ಯಾಂಡ್ ಚಿಲ್ಲರೆಗೆ ಶೇ 51ರವರೆಗೆ ವಿದೇಶಿ ಬಂಡವಾಳ ಬಿಟ್ಟರೂ, ರಾಜ್ಯದ ಒಪ್ಪಿಗೆ, ಸಣ್ಣ ಉದ್ಯಮಗಳಿಂದ ಶೇ 30ರಷ್ಟು ಖರೀದಿಯಂಥ ಷರತ್ತುಗಳನ್ನು ಇಟ್ಟಿತ್ತು. 2018ರಲ್ಲಿ ಸುಮಾರು 1,600 ಕೋಟಿ ಡಾಲರ್ ಕೊಟ್ಟು ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ಶೇ 77ರಷ್ಟು ಪಾಲು ಕೊಂಡರು. ವಿಚಿತ್ರವೆಂದರೆ, ವಿದೇಶಿ ಬಂಡವಾಳದ ಆನ್‌ಲೈನ್ ಮಾರುಕಟ್ಟೆ ತನ್ನದೇ ಸರಕು ಇಟ್ಟುಕೊಂಡು ಗಿರಾಕಿಗೆ ಮಾರುವಂತಿಲ್ಲ. ಬೇರೆ ಮಾರಾಟಗಾರರಿಗೆ ವೇದಿಕೆಯಾಗಬೇಕು. 2019ರ ಫೆಬ್ರುವರಿಯಿಂದ ಈ ನಿಯಮ ಇನ್ನೂ ಬಿಗಿಯಾಯಿತು. ಬೆಂಟನ್‌ವಿಲ್‌ನ ವಿದ್ಯೆ ಇರುವುದು ಸ್ವಂತ ಸರಕು, ಸ್ವಂತ ಗೋದಾಮು, ಸ್ವಂತ ಬೆಲೆಯಲ್ಲಿ. ಈ ಮೂರರಲ್ಲಿ ಇಲ್ಲಿ ಅವರ ಕೈಗೆ ಪೂರ್ತಿ ಸಿಕ್ಕಿರುವುದು ಗೋದಾಮು ಮತ್ತು ಸಾಗಣೆ ಮಾತ್ರ. ಆದ್ದರಿಂದ ಫ್ಲಿಪ್‌ಕಾರ್ಟ್‌ನ ಅಂಕಿಗಳನ್ನು ಅಮೆರಿಕದ ಮಳಿಗೆಗಳ ಅಂಕಿಗಳ ಪಕ್ಕದಲ್ಲಿಟ್ಟು ತೂಗುವುದು ಸರಿಯಲ್ಲ.

ಇನ್ನೊಂದು ಸಣ್ಣ ತಿದ್ದುಪಡಿ. ಕಂಪನಿಯ ಹಣಕಾಸು ವರ್ಷ ಜನವರಿ 31ಕ್ಕೆ ಮುಗಿಯುತ್ತದೆ. ಮೇಲೆ ಕೊಟ್ಟ ‘2025’ರ ಲೆಕ್ಕದಲ್ಲಿ 11 ತಿಂಗಳು 2024ರವೇ. ಮಾರ್ಚ್‌ಗೆ ಮುಗಿಯುವ ಭಾರತೀಯ ಕಂಪನಿಗಳ ಜೊತೆ ಹೋಲಿಸುವಾಗ ಎರಡು ತಿಂಗಳ ಈ ಅಂತರವನ್ನು ಪಟ್ಟಿಯ ಕೆಳಗೆ ನಮೂದಿಸಿದರೆ ಓದುಗರಿಗೆ ಅನುಕೂಲ.

ಇಂತಿ,
ಓದುಗ